ಬೆಳೆ ಕಾವಲಿನ ಬಂದೂಕು: ನಳಿಗೆಯನ್ನು ಅರಿತು ಗುಂಡನ್ನು ಆರಿಸುವುದು

ಚಿತ್ರದುರ್ಗ ಜಿಲ್ಲೆಯ ಚಳ್ಳಕೆರೆ ಹಾಗೂ ಮೊಳಕಾಲ್ಮೂರು ತಾಲ್ಲೂಕುಗಳು ರಾಜ್ಯದಲ್ಲಿಯೇ ಅತಿ ಕಡಿಮೆ ಮಳೆ ಬೀಳುವ ಪ್ರದೇಶಗಳ ಸಾಲಿಗೆ ಸೇರಿವೆ. ಇಲ್ಲಿನ ಕೆಂಪು ಮಣ್ಣಿನ ಖುಷ್ಕಿ ಭೂಮಿಗೆ ಒಗ್ಗಿರುವ ಮುಖ್ಯ ಬೆಳೆ ಶೇಂಗಾ. ಚಳ್ಳಕೆರೆಗೆ ಎಣ್ಣೆ ಗಿರಣಿಗಳ ಊರೆಂಬ ಹೆಸರು ಬಂದುದೂ ಈ ಬೆಳೆಯಿಂದಲೇ. ಜುಲೈ ತಿಂಗಳಲ್ಲಿ ಬಿತ್ತಿದ ಶೇಂಗಾ ಸೆಪ್ಟೆಂಬರ್ ಕೊನೆಯ ಹೊತ್ತಿಗೆ ಕಾಯಿ ತುಂಬತೊಡಗುತ್ತದೆ. ನಡುವೆ ಮಳೆ ಕೈಕೊಡದೆ ಬೆಳೆ ಅಲ್ಲಿಯವರೆಗೆ ಬಂದರೆ ಅದೇ ಒಂದು ಭಾಗ್ಯ. ಆದರೆ ಕಾಡುಹಂದಿಗಳು ಹೊಲಕ್ಕೆ ಇಳಿಯುವುದೂ ಅದೇ ಹೊತ್ತಿಗೆ. ಹಂದಿಗೆ ಬೇಕಾದುದು ಸೊಪ್ಪಲ್ಲ, ಕಾಯಿ. ಮೂತಿಯಿಂದ ನೆಲವನ್ನು ಉತ್ತು, ತಿಂದುದಕ್ಕಿಂತ ಹೆಚ್ಚು ಗಿಡಗಳನ್ನು ಬುಡಮೇಲು ಮಾಡಿ ಹೋಗುತ್ತದೆ. ಬೀಜ, ಗೊಬ್ಬರ, ಕೂಲಿ ಎಲ್ಲಕ್ಕೂ ಸಾಲ ಮಾಡಿದ ರೈತನಿಗೆ ಒಂದೇ ರಾತ್ರಿಯಲ್ಲಿ ಆಗುವ ಈ ನಷ್ಟ ಸಣ್ಣದಲ್ಲ.

ಈ ಕಾರಣದಿಂದ ಹೊಲದಲ್ಲಿ ಅಟ್ಟಣಿಗೆ ಹಾಕಿಕೊಂಡು ರಾತ್ರಿ ಕಾವಲು ಮಾಡುವುದು ಇಲ್ಲಿ ಹಿಂದಿನಿಂದಲೂ ಬಂದ ಪದ್ಧತಿ. ಕೆಲವರ ಬಳಿ ಬೆಳೆ ರಕ್ಷಣೆಗೆಂದು ಲೈಸೆನ್ಸ್ ಪಡೆದ ಬಂದೂಕುಗಳಿವೆ. ನಳಿಗೆಯ ಬಾಯಿಯಿಂದ ಮದ್ದು ಮತ್ತು ಗುಂಡು ತುಂಬಿ, ಗಜದಿಂದ ಜಡಿದು, ಕೇಪಿಟ್ಟು ಹೊಡೆಯುವ ಬಂದೂಕುಗಳಿವು. ಆಂಧ್ರದ ಗಡಿಗೆ ಅಂಟಿಕೊಂಡ ಹಳ್ಳಿಗಳಲ್ಲಿ ಇದಕ್ಕೆ ತುಪಾಕಿ ಎಂಬ ಹೆಸರೂ ಉಂಟು. ಇದರೊಳಗೆ ಏನನ್ನು ತುಂಬಬೇಕು ಎಂಬ ವಿಷಯದಲ್ಲಿ ಮಾತ್ರ ತಿಳುವಳಿಕೆಗಿಂತ ರೂಢಿಯ ಮಾತೇ ಹೆಚ್ಚು. ಸೈಕಲ್ಲಿನ ಬೇರಿಂಗ್ ಗುಂಡು ಸಾಕೆನ್ನುವವರು, ಕಬ್ಬಿಣದ ತುಂಡು ಹಾಕುವವರು, ಗುಂಡು ಉದ್ದವಾದಷ್ಟೂ ದೂರ ಹೋಗುತ್ತದೆ ಎಂದು ನಂಬುವವರು ಇದ್ದಾರೆ. ಇತ್ತೀಚೆಗೆ ಇನ್ನೊಂದು ತೊಡಕು ಸೇರಿಕೊಂಡಿದೆ. ಅಮೆರಿಕದ ಬೇಟೆಗಾರರು ಬಾಯಿಯಿಂದ ತುಂಬುವ ಬಂದೂಕಿನಲ್ಲಿಯೇ ನೂರೈವತ್ತು ಮೀಟರ್ ದೂರದ ಜಿಂಕೆಯನ್ನು ಉದ್ದನೆಯ ಗುಂಡಿನಿಂದ ಉರುಳಿಸುವ ಚಿತ್ರಗಳನ್ನು ಮೊಬೈಲಿನಲ್ಲಿ ನೋಡಿ, ನಮ್ಮ ಬಂದೂಕಿನಿಂದಲೂ ಅದು ಸಾಧ್ಯವೆಂದು ತಿಳಿಯುವವರು ಹುಟ್ಟಿಕೊಂಡಿದ್ದಾರೆ. ಅದು ಸಾಧ್ಯವಿಲ್ಲ. ಏಕೆಂಬುದನ್ನು ತಿಳಿಯಲು ನಳಿಗೆಯ ಒಳಮೈಯನ್ನು ಅರಿಯಬೇಕು. ಅದಕ್ಕೂ ಮೊದಲು ಕಾಯಿದೆಯ ಎರಡು ಮಾತು.

ಎರಡು ಬೇರೆ ಬೇರೆ ಅನುಮತಿಗಳು

1959ರ ಆಯುಧ ಕಾಯಿದೆಯ 13ನೆಯ ಪ್ರಕರಣವು ಪ್ರಾಮಾಣಿಕವಾದ ಬೆಳೆ ರಕ್ಷಣೆಗಾಗಿ ಬಾಯಿಯಿಂದ ತುಂಬುವ ಬಂದೂಕಿಗೆ ಲೈಸೆನ್ಸ್ ಕೊಡುವ ವಿಷಯವನ್ನು ಹೆಸರು ಹಿಡಿದೇ ಹೇಳುತ್ತದೆ. ಅದು ಸಾಲದೆಂದು ಅಧಿಕಾರಿಗೆ ಮನವರಿಕೆಯಾದರೆ ನುಣುಪು ನಳಿಗೆಯ ಬೇರೆ ಬಂದೂಕನ್ನು ಕೊಡಬಹುದು. ಆದರೆ ಈ ಲೈಸೆನ್ಸ್ ಬಂದೂಕನ್ನು ಇಟ್ಟುಕೊಳ್ಳಲು ಕೊಟ್ಟ ಅನುಮತಿಯೇ ಹೊರತು ಪ್ರಾಣಿಯನ್ನು ಕೊಲ್ಲಲು ಕೊಟ್ಟ ಅನುಮತಿಯಲ್ಲ. ರೈತರಲ್ಲಿ ಅನೇಕರು ತಪ್ಪು ತಿಳಿದಿರುವುದು ಇಲ್ಲಿಯೇ.

ಕೊಲ್ಲುವ ವಿಷಯ 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಗೆ ಸೇರಿದ್ದು. ಇದಕ್ಕೆ 1991ರಲ್ಲಿ ಆದ ತಿದ್ದುಪಡಿಯ ನಂತರ ಮೋಜಿನ ಬೇಟೆಗೆ ಲೈಸೆನ್ಸ್ ಕೊಡುವ ಅವಕಾಶವೇ ಇಲ್ಲವಾಯಿತು. 2022ರ ತಿದ್ದುಪಡಿಯ ಪ್ರಕಾರ ಕಾಡುಹಂದಿ ಎರಡನೆಯ ಅನುಸೂಚಿಯಲ್ಲಿದೆ. ನಿಂತ ಬೆಳೆಗೆ ಅಪಾಯ ತರುವ ಹಂದಿಯನ್ನು ಹೊಡೆಯಲು ಮುಖ್ಯ ವನ್ಯಜೀವಿ ಪಾಲಕರು ಅಥವಾ ಅವರಿಂದ ಅಧಿಕಾರ ಪಡೆದ ಅಧಿಕಾರಿಯ ಲಿಖಿತ ಅನುಮತಿ ಬೇಕೇ ಬೇಕು. ಹಾಗೆ ಹೊಡೆದ ಪ್ರಾಣಿ ಸರ್ಕಾರದ ಸ್ವತ್ತು. ಕೃಷ್ಣಮೃಗ, ಕರಡಿ, ಚಿರತೆ, ನವಿಲು ಇವು ಮೊದಲನೆಯ ಅನುಸೂಚಿಯವು. ಇವು ಬೆಳೆ ತಿಂದವೆಂಬ ಕಾರಣಕ್ಕೆ ಅನುಮತಿ ಕೇಳುವಂತೆಯೂ ಇಲ್ಲ. ಪ್ರಾಣಿ ಮೈಮೇಲೆ ಬಿದ್ದಾಗ ಜೀವ ಉಳಿಸಿಕೊಳ್ಳಲು ಹೊಡೆದರೆ ಅದು ಅಪರಾಧವಲ್ಲವೆಂದು ಕಾಯಿದೆ ಹೇಳುತ್ತದೆ. ಆದರೆ ಈ ರಕ್ಷಣೆ ಮನುಷ್ಯನ ಜೀವಕ್ಕೆ, ಶೇಂಗಾ ಗಿಡಕ್ಕಲ್ಲ.

ಕೊಡಗಿನಲ್ಲಿ ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಲೈಸೆನ್ಸಿನಿಂದ ವಿನಾಯಿತಿ ಇದೆ. 2019ರಲ್ಲಿ ಅದನ್ನು 2029ರವರೆಗೆ ಮುಂದುವರಿಸಲಾಗಿದೆ. ಆ ವಿನಾಯಿತಿ ಬಯಲುಸೀಮೆಗೆ ಅನ್ವಯಿಸುವುದಿಲ್ಲ. ಇಲ್ಲಿ ಬಂದೂಕು ಲೈಸೆನ್ಸಿನಲ್ಲಿ ಕಾಣಿಸಿದ ಜಮೀನಿನ ಕಾವಲಿಗೆ ಮಾತ್ರ. ಅದನ್ನು ಹೆಗಲಿಗೇರಿಸಿಕೊಂಡು ಅಮೃತಮಹಲ್ ಕಾವಲಿನ ಕಡೆಗೋ ಗುಡ್ಡದ ಕಡೆಗೋ ನಡೆದರೆ ಕಾವಲುಗಾರನು ಬೇಟೆಗಾರನಾಗುತ್ತಾನೆ. ಚುನಾವಣೆ ಘೋಷಣೆಯಾದಾಗ ಬಂದೂಕನ್ನು ಪೊಲೀಸ್ ಠಾಣೆಯಲ್ಲಿ ಇಡಬೇಕಾಗಿ ಬರುವುದೂ ಉಂಟು. ಹಂದಿಗೆ ಚುನಾವಣೆಯ ಪರಿವೆ ಇಲ್ಲದಿರುವುದು ಬೇರೆ ಮಾತು.

ನಳಿಗೆಯ ಒಳಮೈ: ನುಣುಪೋ, ಸುರುಳಿಯೋ

ಬಂದೂಕುಗಳಲ್ಲಿ ಮುಖ್ಯವಾಗಿ ಎರಡು ಬಗೆ. ಒಂದರಲ್ಲಿ ನಳಿಗೆಯ ಒಳಮೈ ಕೊಳವೆಯಂತೆ ನುಣುಪಾಗಿರುತ್ತದೆ. ಇನ್ನೊಂದರಲ್ಲಿ ತಿರುಪು ಮೊಳೆಯ ಎಳೆಗಳಂತೆ ಉದ್ದಕ್ಕೂ ಸುರುಳಿ ಗೀರುಗಳನ್ನು ಕೊರೆದಿರುತ್ತಾರೆ. ಇದೇ ರೈಫಲ್. ಗುಂಡು ಈ ಗೀರುಗಳನ್ನು ಹಿಡಿದುಕೊಂಡು ಸಾಗುವುದರಿಂದ ನಳಿಗೆಯನ್ನು ಬಿಡುವಾಗ ತನ್ನ ಸುತ್ತ ತಾನೇ ವೇಗವಾಗಿ ತಿರುಗುತ್ತಿರುತ್ತದೆ.

ತಿರುಗುವುದರಿಂದ ಆಗುವ ಲಾಭವನ್ನು ಬುಗುರಿ ಆಡಿಸಿದ ಹುಡುಗರೆಲ್ಲ ಬಲ್ಲರು. ತಿರುಗದ ಬುಗುರಿ ಮೊಳೆಯ ಮೇಲೆ ಒಂದು ಕ್ಷಣವೂ ನಿಲ್ಲದು. ತಿರುಗುವ ಬುಗುರಿ ನೆಟ್ಟಗೆ ನಿಲ್ಲುತ್ತದೆ. ಕುಳ್ಳ ಬುಗುರಿಗೆ ಸ್ವಲ್ಪ ತಿರುಗು ಸಾಕು. ಎತ್ತರದ ಬುಗುರಿಗೆ ಹೆಚ್ಚು ರಭಸದ ತಿರುಗು ಬೇಕು, ಇಲ್ಲದಿದ್ದರೆ ತಲೆಯಾಡಿಸಿ ಬೀಳುತ್ತದೆ. ಗುಂಡಿನ ವಿಷಯವೂ ಹೀಗೆಯೇ. ದುಂಡನೆಯ ಗುಂಡಿಗೆ ಮುಂದು ಹಿಂದು ಇಲ್ಲ, ಅದಕ್ಕೆ ನಿಧಾನದ ತಿರುವು ಸಾಕು. ಗುಂಡು ಉದ್ದವಾದಂತೆಲ್ಲ ತಿರುವು ಬಿಗಿಯಾಗಬೇಕು. ತಿರುವೇ ಇಲ್ಲದೆ ಹೊರಟ ಉದ್ದನೆಯ ಗುಂಡು ಗಾಳಿಯಲ್ಲಿ ಲಾಗ ಹಾಕುತ್ತಾ, ಅಡ್ಡಡ್ಡಲಾಗಿ ಹೋಗಿ ಎಲ್ಲಿಯೋ ಬೀಳುತ್ತದೆ. ಜೋಳದ ಹೊಲದಲ್ಲಿ ಹಕ್ಕಿ ಓಡಿಸಲು ಕವಣೆ ಬೀಸುವವರು ದುಂಡು ಕಲ್ಲನ್ನೇ ಆರಿಸಿಕೊಳ್ಳುವುದಕ್ಕೆ ಕಾರಣವೂ ಬಹುಮಟ್ಟಿಗೆ ಇದೇ.

ತಿರುವನ್ನು ಅಳೆಯುವುದು ಎಷ್ಟು ಇಂಚು ಸಾಗಿದರೆ ಗುಂಡು ಒಂದು ಸುತ್ತು ತಿರುಗುತ್ತದೆ ಎಂಬ ಲೆಕ್ಕದಲ್ಲಿ. ಇಂಗ್ಲೆಂಡಿನ ವೂಲ್ವಿಚ್ ಸೈನಿಕ ವಿದ್ಯಾಲಯದ ಗಣಿತದ ಪ್ರಾಧ್ಯಾಪಕ ಗ್ರೀನ್‌ಹಿಲ್ 1879ರಲ್ಲಿ ಇದಕ್ಕೊಂದು ಸರಳ ಸೂತ್ರವನ್ನು ಕೊಟ್ಟನು. ಗುಂಡಿನ ವ್ಯಾಸವನ್ನು ವ್ಯಾಸದಿಂದಲೇ ಗುಣಿಸಿ, ಬಂದುದನ್ನು 150ರಿಂದ ಗುಣಿಸಿ, ಗುಂಡಿನ ಉದ್ದದಿಂದ ಭಾಗಿಸಬೇಕು. ಅರ್ಧ ಇಂಚು ವ್ಯಾಸದ ದುಂಡು ಗುಂಡಿಗೆ ಉದ್ದವೂ ಅರ್ಧ ಇಂಚೇ ಆದುದರಿಂದ ಉತ್ತರ 75 ಇಂಚು. ಅದೇ ವ್ಯಾಸದಲ್ಲಿ ಒಂದು ಇಂಚು ಉದ್ದದ ಗುಂಡಿಗೆ ಮೂವತ್ತೇಳೂವರೆ ಇಂಚು, ಒಂದೂವರೆ ಇಂಚು ಉದ್ದದ್ದಕ್ಕೆ 25 ಇಂಚು. ಅಮೆರಿಕದಲ್ಲಿ ಅರ್ಧ ಇಂಚಿನ ದುಂಡು ಗುಂಡಿಗೆಂದು ಮಾಡಿದ ನಳಿಗೆಗಳಲ್ಲಿ 60ರಿಂದ 72 ಇಂಚಿಗೆ ಒಂದು ಸುತ್ತು, ಉದ್ದನೆಯ ಗುಂಡಿಗೆಂದು ಮಾಡಿದವುಗಳಲ್ಲಿ 28 ಇಂಚಿನ ಆಸುಪಾಸಿಗೆ ಒಂದು ಸುತ್ತು, ಎರಡಕ್ಕೂ ನಡೆಯಲೆಂದು ಮಾಡಿದವುಗಳಲ್ಲಿ 48 ಇಂಚಿಗೆ ಒಂದು ಸುತ್ತು ಇರುವುದು ಈ ಲೆಕ್ಕಕ್ಕೆ ಹೊಂದುತ್ತದೆ. ಮೊಬೈಲಿನಲ್ಲಿ ಕಾಣುವ ಗುಂಡು ದೂರ ಹೋಗುವುದು ಉದ್ದವಾಗಿರುವುದರಿಂದ ಮಾತ್ರವಲ್ಲ. ಆ ಉದ್ದಕ್ಕೆ ತಕ್ಕ ತಿರುವು ಆ ನಳಿಗೆಯಲ್ಲಿದೆ.

ನಮ್ಮ ರೈತರ ಲೈಸೆನ್ಸ್ ಬಂದೂಕಿನ ನಳಿಗೆಯಲ್ಲಿ ತಿರುವೇ ಇಲ್ಲ. ಆದುದರಿಂದ ಅದರಲ್ಲಿ ಉದ್ದನೆಯ ಗುಂಡಿಗೆ ಜಾಗವೂ ಇಲ್ಲ. ಒಂದೋ ಸೀಸದ ದುಂಡು ಗುಂಡು, ಇಲ್ಲವೇ ಚರೆ. ಮೂರನೆಯದಿಲ್ಲ. ಚರೆಗೆ ಮಾತ್ರ ನುಣುಪು ನಳಿಗೆಯೇ ಬೇಕು. ಸುರುಳಿ ನಳಿಗೆಯಿಂದ ಹೊಡೆದ ಚರೆ ತಿರುಗುವ ರಭಸಕ್ಕೆ ಬಳೆಯ ಆಕಾರದಲ್ಲಿ ಚದರಿ ನಡುವೆ ಬರಿದಾಗುತ್ತದೆ.

ನುಣುಪು ನಳಿಗೆ ನಮಗೆ ಬಂದ ದಾರಿ

ಇಲ್ಲಿಯ ಜನಕ್ಕೆ ಬಂದೂಕು ಹೊಸದಲ್ಲ. ಚಿತ್ರದುರ್ಗದ ಕೋಟೆಯಲ್ಲಿ ಮದ್ದು ಬೀಸುವ ದೊಡ್ಡ ಕಲ್ಲುಗಳನ್ನು ಈಗಲೂ ಕಾಣಬಹುದು. 1779ರಲ್ಲಿ ಹೈದರಾಲಿಗೆ ಸೋಲುವವರೆಗೂ ಬೇಡ ನಾಯಕರು ಆ ಕೋಟೆಯನ್ನು ಆಳಿದರು. ಆ ಕಾಲದ ಬಂದೂಕುಗಳು ಬಹುತೇಕ ನುಣುಪು ನಳಿಗೆಯವೇ. ನಳಿಗೆಗಿಂತ ಸಣ್ಣ ಗುಂಡನ್ನು ಬೇಗ ಬೇಗ ತುಂಬಿ, ಗುಂಪಿನ ಮೇಲೆ ಗುಂಪಾಗಿ ಹೊಡೆಯುವುದೇ ಅಂದಿನ ಯುದ್ಧದ ರೀತಿ. ಒಬ್ಬನನ್ನು ಗುರಿಯಿಟ್ಟು ಹೊಡೆಯುವುದಲ್ಲ.

ನುಣುಪು ನಳಿಗೆಯ ಗುಂಡು ಏಕೆ ದಾರಿ ತಪ್ಪುತ್ತದೆ ಎಂಬುದನ್ನು ಪರೀಕ್ಷಿಸಿ ತೋರಿಸಿದವನು ಬೆಂಜಮಿನ್ ರಾಬಿನ್ಸ್ ಎಂಬ ಇಂಗ್ಲಿಷ್ ಗಣಿತಜ್ಞ. ಫಿರಂಗಿ ಬಂದೂಕುಗಳ ಶಾಸ್ತ್ರವನ್ನು ಕುರಿತ ಅವನ ಗ್ರಂಥ 1742ರಲ್ಲಿ ಪ್ರಕಟವಾಯಿತು. ಸಡಿಲವಾಗಿ ಕುಳಿತ ಗುಂಡು ನಳಿಗೆಯ ಗೋಡೆಗೆ ಅತ್ತಿತ್ತ ತಾಗುತ್ತಾ ಹೊರಡುತ್ತದೆ. ಕೊನೆಯಲ್ಲಿ ಯಾವ ಪಕ್ಕಕ್ಕೆ ಉಜ್ಜಿತೋ ಅದರಂತೆ ಮನಬಂದ ಕಡೆಗೆ ತಿರುಗತೊಡಗುತ್ತದೆ. ಆ ತಿರುಗು ಅದನ್ನು ಗಾಳಿಯಲ್ಲಿ ಬಾಗಿಸುತ್ತದೆ. ಇದನ್ನು ತೋರಿಸಲು ಅವನು ನಳಿಗೆಯ ತುದಿಯನ್ನು ಎಡಕ್ಕೆ ಬಗ್ಗಿಸಿ ಹೊಡೆದನು. ಗುಂಡು ಮೊದಲು ಎಡಕ್ಕೆ ಹೋಗಿ, ಮುಂದೆ ಬಲಕ್ಕೆ ಬಾಗಿತು. ಕ್ರಿಕೆಟ್ ಚೆಂಡಿಗೆ ಬೆರಳಿನಿಂದ ತಿರುಗು ಕೊಟ್ಟಾಗ ಅದು ಗಾಳಿಯಲ್ಲಿ ಓರೆಯಾಗುವುದನ್ನು ಕಂಡವರಿಗೆ ಇದು ಸುಲಭವಾಗಿ ಅರ್ಥವಾದೀತು. ರಾಬಿನ್ಸ್ ಕೊನೆಗೆ ಈಸ್ಟ್ ಇಂಡಿಯಾ ಕಂಪನಿಯ ಎಂಜಿನಿಯರಾಗಿ ನಮ್ಮ ದಕ್ಷಿಣ ದೇಶಕ್ಕೇ ಬಂದು, 1751ರಲ್ಲಿ ಕಡಲೂರಿನ ಬಳಿಯ ಸೇಂಟ್ ಡೇವಿಡ್ ಕೋಟೆಯಲ್ಲಿ ತೀರಿಕೊಂಡನು.

ನೂರು ವರ್ಷಗಳ ನಂತರ ಫ್ರಾನ್ಸಿನ ಮಿನಿಯೆ ಎಂಬ ಅಧಿಕಾರಿ ಬುಡ ಟೊಳ್ಳಾದ ಉದ್ದನೆಯ ಸೀಸದ ಗುಂಡನ್ನು ಬಳಕೆಗೆ ತಂದನು. ನಳಿಗೆಯೊಳಗೆ ಸುಲಭವಾಗಿ ಇಳಿಯುವ ಈ ಗುಂಡಿನ ಬುಡ ಮದ್ದು ಸಿಡಿದಾಗ ಹಿಗ್ಗಿ ಸುರುಳಿ ಗೀರುಗಳನ್ನು ಕಚ್ಚಿಕೊಳ್ಳುತ್ತದೆ. ಇದೇ ತತ್ತ್ವದ ಮೇಲೆ ಬಂದುದು 1853ರ ಮಾದರಿಯ ಎನ್‌ಫೀಲ್ಡ್ ರೈಫಲ್. ಅದರ ನಳಿಗೆ 39 ಇಂಚು, ತಿರುವು 78 ಇಂಚಿಗೆ ಒಂದು ಸುತ್ತು. ಎಂದರೆ ಗುಂಡು ನಳಿಗೆಯಲ್ಲಿ ತಿರುಗುತ್ತಿದ್ದುದು ಅರ್ಧ ಸುತ್ತು ಮಾತ್ರ. ಅಷ್ಟರಿಂದಲೇ ಅದು ಹಳೆಯ ಬಂದೂಕುಗಳಿಗಿಂತ ಹಲವು ಪಟ್ಟು ದೂರಕ್ಕೆ ಗುರಿ ಹಿಡಿಯುತ್ತಿತ್ತು. 1857ರ ದಂಗೆಗೆ ನೆಪವಾದ ಕೊಬ್ಬು ಸವರಿದ ತೋಟೆ ಇದೇ ಬಂದೂಕಿನದು. ದಂಗೆ ಅಡಗಿದ ಮೇಲೆ ಬ್ರಿಟಿಷರು ಭಾರತೀಯ ಸಿಪಾಯಿಗಳಿಗಾಗಿ ಹೊರನೋಟಕ್ಕೆ ಅದೇ ಬಂದೂಕು, ಒಳಗೆ ಮಾತ್ರ ಗೀರಿಲ್ಲದ ನುಣುಪು ನಳಿಗೆ, ಹೀಗೆ ಬೇರೊಂದು ಮಾದರಿಯನ್ನೇ ಮಾಡಿಸಿದರು. ದೂರಕ್ಕೆ ಗುರಿ ಹಿಡಿಯುವ ಬಂದೂಕು ಸಿಪಾಯಿಯ ಕೈಯಲ್ಲಿರಬಾರದೆಂಬುದು ಅದರ ಹಿಂದಿನ ಎಣಿಕೆ. ಅದೇ 1857ರಲ್ಲಿ ಆಯುಧಗಳನ್ನು ಒಪ್ಪಿಸಬೇಕೆಂಬ ಕಾಯಿದೆಗೆ ತಲೆಬಾಗದೆ ಮುಧೋಳದ ಹಲಗಲಿಯ ಬೇಡರು ಎದುರು ನಿಂತ ಕಥೆಯನ್ನು ಕನ್ನಡ ಲಾವಣಿಗಳು ಉಳಿಸಿಕೊಂಡಿವೆ. ರೈತನಿಗೆ ನುಣುಪು ನಳಿಗೆ, ರೈಫಲ್ಲಿಗೆ ಬೇರೆಯೇ ನಿಬಂಧನೆ ಎಂಬ ಭೇದ 1959ರ ಕಾಯಿದೆಯಲ್ಲಿಯೂ ಉಂಟು. ಹೊಲದ ಕಾವಲಿನ ದೃಷ್ಟಿಯಿಂದ ನೋಡಿದರೆ ಈ ಭೇದ ಸರಿಯಾದುದೇ. ಅಕ್ಕಪಕ್ಕದ ಹೊಲಗಳಲ್ಲೆಲ್ಲ ಜನರಿರುವ ರಾತ್ರಿಯಲ್ಲಿ ದೂರ ಹೋಗುವ ಗುಂಡು ಯಾರಿಗೂ ಒಳ್ಳೆಯದಲ್ಲ.

ಬೋರ್ ಲೆಕ್ಕ ಮತ್ತು ಗುಂಡಿನ ಅಳತೆ

ಹನ್ನೆರಡು ಬೋರ್, ಹದಿನಾರು ಬೋರ್ ಎನ್ನುವುದು ನಳಿಗೆಯ ಒಳವ್ಯಾಸದ ಹಳೆಯ ಅಳತೆ. ಒಂದು ಪೌಂಡು ಸೀಸದಿಂದ ಆ ನಳಿಗೆಗೆ ಸರಿಯಾಗಿ ಕೂರುವ ದುಂಡು ಗುಂಡುಗಳನ್ನು ಎಷ್ಟು ಎರಕ ಹೊಯ್ಯಬಹುದೋ ಅದೇ ಅದರ ಬೋರ್. ಹೀಗಾಗಿ ಸಂಖ್ಯೆ ಹೆಚ್ಚಿದಂತೆ ನಳಿಗೆ ಕಿರಿದು. ಹನ್ನೆರಡು ಬೋರಿನ ಒಳವ್ಯಾಸ 18.5 ಮಿ.ಮೀ., ಗುಂಡಿನ ತೂಕ ಸುಮಾರು 38 ಗ್ರಾಂ. ಹದಿನಾರು ಬೋರಿಗೆ 16.8 ಮಿ.ಮೀ. ಮತ್ತು 28 ಗ್ರಾಂ. ಇಪ್ಪತ್ತು ಬೋರಿಗೆ 15.6 ಮಿ.ಮೀ. ಮತ್ತು 23 ಗ್ರಾಂ ಎಂದಿಟ್ಟುಕೊಳ್ಳಬಹುದು. ಹಳೆಯ ಬಂದೂಕುಗಳ ನಳಿಗೆ ಸವೆದು ಈ ಅಳತೆ ತಪ್ಪಿರುವುದುಂಟು. ಆದುದರಿಂದ ಲೈಸೆನ್ಸ್ ಇರುವ ಬಂದೂಕು ರಿಪೇರಿಯವರಲ್ಲಿ ಅಳೆಸಿಯೇ ಗುಂಡನ್ನು ತೆಗೆದುಕೊಳ್ಳಬೇಕು.

ಗುಂಡು ನಳಿಗೆಗಿಂತ ಕಾಲರಿಂದ ಅರ್ಧ ಮಿ.ಮೀ.ನಷ್ಟು ಕಿರಿದಾಗಿರಬೇಕು. ಉಳಿದ ಸಂದನ್ನು ತುಂಬಲು ಗುಂಡಿನ ಸುತ್ತ ಒತ್ತಾದ ಹತ್ತಿಬಟ್ಟೆಯ ತುಂಡನ್ನು ಎಣ್ಣೆಯಲ್ಲಿ ನೆನೆಸಿ ಸುತ್ತಿದರೆ, ಗುಂಡು ಅತ್ತಿತ್ತ ತಾಗದೆ ನಡುವಿನಲ್ಲಿಯೇ ಸಾಗುತ್ತದೆ. ರಾಬಿನ್ಸ್ ಹೇಳಿದ ದೋಷ ಇದರಿಂದ ಪೂರ್ತಿ ಹೋಗದಿದ್ದರೂ ಬಹಳಷ್ಟು ಕಡಿಮೆಯಾಗುತ್ತದೆ. ನೈಲಾನ್, ಪಾಲಿಯೆಸ್ಟರ್ ಬಟ್ಟೆ ಕೂಡದು; ಅದು ಕರಗಿ ನಳಿಗೆಗೆ ಅಂಟಿಕೊಳ್ಳುತ್ತದೆ.

ಗುಂಡು ಮೆದು ಸೀಸದ್ದೇ ಆಗಬೇಕು. ಸೀಸದ ಸಾಂದ್ರತೆ ನೀರಿನ 11.3 ಪಟ್ಟು, ಕಬ್ಬಿಣದ್ದು 7.8 ಪಟ್ಟು. ಒಂದೇ ಗಾತ್ರದ ಕಬ್ಬಿಣದ ಗುಂಡು ಸೀಸದ ಗುಂಡಿನ ಸುಮಾರು ಹತ್ತರಲ್ಲಿ ಏಳರಷ್ಟೇ ತೂಗುತ್ತದೆ. ಆದುದರಿಂದ ಗಾಳಿಯಲ್ಲಿ ಬೇಗ ವೇಗ ಕಳೆದುಕೊಳ್ಳುತ್ತದೆ. ಬೇರಿಂಗ್ ಗುಂಡು ನಳಿಗೆಯ ಒಳಮೈಯನ್ನು ಗೀರುತ್ತದೆ. ಕಲ್ಲಿಗೆ ತಾಗಿದರೆ ಸೀಸದಂತೆ ಚಪ್ಪಟೆಯಾಗದೆ ಪುಟಿದು ಎತ್ತಲೋ ಹಾರುತ್ತದೆ. ಮೊಳಕಾಲ್ಮೂರಿನ ಕಡೆ ಹೊಲಗಳ ನಡುವೆಯೇ ಬಂಡೆಗಳಿರುವುದನ್ನು ನೆನೆದರೆ ಇದರ ಅಪಾಯ ತಿಳಿಯುತ್ತದೆ. ಮೊಳೆ, ಕಬ್ಬಿಣದ ಚೂರು, ಬೆಣಚುಕಲ್ಲು ಇವು ಇನ್ನೂ ಕೆಟ್ಟವು. ನಳಿಗೆಯಲ್ಲಿ ಅಡ್ಡ ಸಿಕ್ಕಿಕೊಂಡರೆ ನಳಿಗೆಯೇ ಸಿಡಿಯಬಹುದು.

ಸೀಸ 327 ಡಿಗ್ರಿ ಸೆಲ್ಸಿಯಸ್ ಶಾಖಕ್ಕೇ ಕರಗುವುದರಿಂದ ಮನೆಯ ಒಲೆಯ ಮೇಲೆ ಕಾಯಿಸಿ ಗುಂಡು ಎರೆಯುವವರಿದ್ದಾರೆ. ಅಡುಗೆ ಪಾತ್ರೆಯಲ್ಲಿ, ಮಕ್ಕಳಿರುವ ಮನೆಯೊಳಗೆ ಇದನ್ನು ಎಂದಿಗೂ ಮಾಡಬಾರದು. ಸೀಸ ನಿಧಾನ ವಿಷ. ಮಕ್ಕಳ ಬುದ್ಧಿ ಬೆಳವಣಿಗೆಗೆ ಅದು ಕುಂದು ತರುತ್ತದೆ. ಹಳೆಯ ಬ್ಯಾಟರಿಯ ಸೀಸವಂತೂ ಬೇಡವೇ ಬೇಡ.

ಚರೆ

ಚರೆಯಲ್ಲಿ ಹಲವು ಅಳತೆಗಳಿವೆ. ದೊಡ್ಡವುಗಳಲ್ಲಿ ಎಲ್.ಜಿ. ಎಂಬುದು ಔನ್ಸಿಗೆ ಆರು, ಎಸ್.ಜಿ. ಎಂಬುದು ಔನ್ಸಿಗೆ ಎಂಟು. ಹಕ್ಕಿಗೆಂದು ಮಾಡಿದ ಸಣ್ಣ ಚರೆ ಹಂದಿಯ ದಪ್ಪ ಚರ್ಮವನ್ನೂ ಕೊಬ್ಬನ್ನೂ ದಾಟಿ ಒಳಗಿನ ಮರ್ಮಸ್ಥಾನ ಮುಟ್ಟುವುದಿಲ್ಲ. ಹಂದಿ ಗಾಯಗೊಂಡು ಜಾಲಿಯ ಪೊದೆಗೆ ನುಗ್ಗುತ್ತದೆ. ಕೆಲವು ದಿನ ನರಳಿ ಅಲ್ಲಿಯೇ ಸಾಯಬಹುದು. ಇಲ್ಲವೇ ಮರುದಿನ ಕುರಿ ಬಿಟ್ಟುಕೊಂಡು ಹೋದ ಹುಡುಗನ ಮೇಲೆ ಎರಗಬಹುದು. ‘ಹೆದರಿಸಲೆಂದು ಒಂದಿಷ್ಟು ಚರೆ ಹೊಡೆದೆ’ ಎನ್ನುವ ಮಾತು ಅಲ್ಲಲ್ಲಿ ಕೇಳಿಬರುತ್ತದೆ. ಎಲ್ಲಕ್ಕಿಂತ ಕೆಟ್ಟ ಆಯ್ಕೆ ಅದೇ. ಹೆದರಿಸಲು ಚರೆ ಬೇಕಿಲ್ಲ, ಸದ್ದು ಸಾಕು. ಕೊಲ್ಲಲು ಅನುಮತಿ ಇದ್ದಾಗ ಚರೆ ಸಾಲದು.

ದೂರ ಮತ್ತು ಕತ್ತಲೆ

ಹದಿನಾರು ಬೋರಿನ ದುಂಡು ಗುಂಡು ಸೆಕೆಂಡಿಗೆ 350 ಮೀಟರ್ ವೇಗದಲ್ಲಿ ಹೊರಟಿತೆಂದು ಲೆಕ್ಕ ಹಾಕಿದರೆ, 50 ಮೀಟರ್ ಹೋಗುವಷ್ಟರಲ್ಲಿ ಅದು ಸುಮಾರು ಹನ್ನೊಂದು ಸೆಂ.ಮೀ. ಕೆಳಕ್ಕೆ ಬಿದ್ದಿರುತ್ತದೆ. 100 ಮೀಟರಿನಲ್ಲಿ ಈ ಬೀಳು ಅರ್ಧ ಮೀಟರ್. ಹೊರಟಾಗಿನ ಶಕ್ತಿಯಲ್ಲಿ ಅರ್ಧದ ಹತ್ತಿರ ನಷ್ಟವಾಗಿರುತ್ತದೆ. ಇದು ಗುಂಡು ನೇರ ಹೋದರೆ ಮಾತ್ರ. ಗುರಿಯಲ್ಲಿ ಒಂದೇ ಡಿಗ್ರಿ ಓರೆಯಾದರೂ 50 ಮೀಟರಿನಲ್ಲಿ ಗುಂಡು ಸುಮಾರು 87 ಸೆಂ.ಮೀ. ಪಕ್ಕಕ್ಕೆ ಹೋಗುತ್ತದೆ. ಹಂದಿಯ ಮುಂಗಾಲ ಹಿಂದಿನ ಮರ್ಮಸ್ಥಾನ ಅಂಗೈ ಅಗಲಕ್ಕಿಂತ ಸ್ವಲ್ಪ ದೊಡ್ಡದು, ಅಷ್ಟೆ. ಹೀಗಾಗಿ ನುಣುಪು ನಳಿಗೆಯ ಬಂದೂಕಿನಿಂದ ಒಂಟಿ ಗುಂಡನ್ನು 40 ಮೀಟರಿಗಿಂತ ಆಚೆಗೆ ಹೊಡೆಯುವುದು ಗುರಿಯಲ್ಲ, ಜೂಜು. ಚರೆಗೆ 25 ಮೀಟರೇ ಹೆಚ್ಚು.

ಗುರಿ ತಪ್ಪಿದ ಗುಂಡು ಮಾತ್ರ 40 ಮೀಟರಿಗೆ ನಿಲ್ಲುವುದಿಲ್ಲ. ನಳಿಗೆಯನ್ನು ಮೇಲಕ್ಕೆತ್ತಿ ಹೊಡೆದರೆ ಎಸ್.ಜಿ. ಚರೆ 600 ಮೀಟರಿಗೂ, ಹದಿನಾರು ಬೋರಿನ ಗುಂಡು ಒಂದು ಕಿಲೊಮೀಟರಿಗೂ ಮೀರಿ ಹೋಗಬಲ್ಲವು. ಚಳ್ಳಕೆರೆಯ ಬಯಲಿನಲ್ಲಿ ಅಷ್ಟು ದೂರದೊಳಗೆ ಎಷ್ಟು ಅಟ್ಟಣಿಗೆಗಳು, ಎಷ್ಟು ಕುರಿಹಟ್ಟಿಗಳು ಇರುತ್ತವೆಂಬುದನ್ನು ಎಣಿಸಿಕೊಳ್ಳಬಹುದು.

ಇನ್ನು ಕತ್ತಲೆ. ಈ ಭಾಗದ ಕಾವಲುಗಾರನು ಚಳಿಗೂ ಇಬ್ಬನಿಗೂ ಹೊದೆಯುವುದು ಕರಿಯ ಕಂಬಳಿ. ತಲೆಯ ಮೇಲಿನಿಂದ ಕಂಬಳಿ ಹೊದ್ದು, ಬಗ್ಗಿ, ಹಂದಿ ಕೆದರಿದ ಗುಂಡಿಯನ್ನೋ ಬಿದ್ದ ಬೇಲಿಯನ್ನೋ ನೋಡುತ್ತಿರುವ ಮನುಷ್ಯನು ಮೂವತ್ತು ಮೀಟರಿನಿಂದ ನೋಡಿದವರಿಗೆ ಹಂದಿಯಂತೆಯೇ ಕಾಣುತ್ತಾನೆ. ಮೊಳಕಾಲ್ಮೂರಿನ ಗುಡ್ಡಗಳ ಬುಡದಲ್ಲಿ ಕರಡಿಯೂ ಶೇಂಗಾ ಹೊಲಕ್ಕೆ ಬರುವುದರಿಂದ ಕಪ್ಪಾಗಿ ಕಂಡುದೆಲ್ಲ ಹಂದಿಯೇ ಎಂದು ಹೇಳುವಂತಿಲ್ಲ. ಆದುದರಿಂದ ಕಾವಲಿಗೆ ಹೋಗುವವರು ಕಂಬಳಿಯ ಮೇಲೆ ಬಿಳಿಯ ಪಂಚೆಯನ್ನಾದರೂ ಕಟ್ಟಿಕೊಳ್ಳಬೇಕು. ಅಕ್ಕಪಕ್ಕದ ಹೊಲದವರೊಂದಿಗೆ ಯಾರು ಎಲ್ಲಿರುತ್ತಾರೆಂದು ಮೊದಲೇ ಮಾತಾಡಿಕೊಳ್ಳಬೇಕು. ಬ್ಯಾಟರಿ ಬೆಳಕು ಬಿಟ್ಟು, ಕೂಗಿ, ಉತ್ತರ ಬಾರದಿದ್ದರೂ ಪ್ರಾಣಿಯ ಆಕಾರ ಸ್ಪಷ್ಟವಾಗುವವರೆಗೆ ಗುಂಡು ತುಂಬಿದ ಬಂದೂಕನ್ನು ಎತ್ತಬಾರದು. ಹಂದಿ ನಾಳೆಯೂ ಬಂದೀತು. ಹೋದ ಅಣ್ಣತಮ್ಮಂದಿರು ಬರುವುದಿಲ್ಲ.

ಸದ್ದಿನ ಬಂದೂಕು

ಮೇಲಿನ ಲೆಕ್ಕಗಳನ್ನೆಲ್ಲ ಕೂಡಿಸಿ ನೋಡಿದರೆ ಬೆಳೆ ಕಾವಲಿಗೆ ಈ ಬಂದೂಕಿನಿಂದ ಆಗುವ ಹೆಚ್ಚಿನ ಉಪಯೋಗ ಅದರ ಸದ್ದು. ಗುಂಡಿಲ್ಲದೆ, ಮದ್ದಿನ ಮೇಲೆ ಕಾಗದದ ಬಿರಟೆ ಮಾತ್ರ ಜಡಿದು ಆಕಾಶದ ಕಡೆ ಹೊಡೆದರೆ ಸಾಕು. ಬಿರಟೆಯೂ ಹತ್ತಿರದಲ್ಲಿ ಗಾಯ ಮಾಡುತ್ತದೆ ಎಂಬುದನ್ನು ಮರೆಯಬಾರದು. ಉರಿಯುತ್ತಾ ಹೊರಬೀಳುವ ಅದು ಒಣಗಿದ ಶೇಂಗಾ ಹೊಟ್ಟಿನ ಬಣವೆಗೆ ಬಿದ್ದರೆ ಹಂದಿ ಉಳಿಸಿದ್ದನ್ನು ಬೆಂಕಿ ಮುಗಿಸುತ್ತದೆ. ಪ್ರತಿದಿನವೂ ಒಂದೇ ಹೊತ್ತಿಗೆ, ಒಂದೇ ಕಡೆಯಿಂದ ಹೊಡೆದರೆ ಹಂದಿ ಕೆಲವೇ ದಿನಗಳಲ್ಲಿ ಅದಕ್ಕೆ ಒಗ್ಗಿಕೊಳ್ಳುತ್ತದೆ. ಹೊತ್ತನ್ನೂ ಜಾಗವನ್ನೂ ಬದಲಿಸುತ್ತಿರಬೇಕು. ನಡುನಡುವೆ ತಮಟೆ, ಡಬ್ಬ, ಬೆಳಕು ಇವನ್ನೂ ಸೇರಿಸಬೇಕು.

ಸದ್ದಿನ ಜೊತೆಗೆ ಹೊಲದ ಸುತ್ತ ಹರಳಿನ ಒತ್ತು ಸಾಲುಗಳು, ಎರಡು ಅಡಿ ಅಗಲ ಒಂದೂವರೆ ಅಡಿ ಆಳದ ಕಂದಕ, ಕೈಗೆಟುಕುವವರಿಗೆ ಸೌರ ಬೇಲಿ, ಇವು ಹಂದಿಯನ್ನು ತಡೆಯಲು ನೆರವಾಗುತ್ತವೆ. ಕಂಬದಿಂದ ನೇರವಾಗಿ ತಂತಿಗೆ ವಿದ್ಯುತ್ ಹರಿಸುವುದು, ಹಿಟ್ಟಿನಲ್ಲಿ ಸಿಡಿಮದ್ದು ಇಡುವುದು ಎರಡೂ ಅಪರಾಧ. ಅದಕ್ಕೆ ಬಲಿಯಾಗುವುದು ಹಂದಿಗಿಂತ ಹೆಚ್ಚಾಗಿ ಮನೆಯ ದನ, ಕೆಲವೊಮ್ಮೆ ಮನೆಯ ಮನುಷ್ಯ. ಬೆಳೆ ಹಾಳಾದಾಗ ತಡಮಾಡದೆ ಚಿತ್ರ ತೆಗೆದು, ಪಹಣಿಯೊಂದಿಗೆ ವಲಯ ಅರಣ್ಯಾಧಿಕಾರಿಯ ಕಚೇರಿಗೆ ಪರಿಹಾರದ ಅರ್ಜಿ ಸಲ್ಲಿಸಬೇಕು. ಹಂದಿ ಹೊಡೆಯುವ ಅನುಮತಿಯ ವಿಚಾರವನ್ನೂ ಅಲ್ಲಿಯೇ ಕೇಳಬೇಕು.

ತುಂಬುವಾಗ, ತೊಳೆಯುವಾಗ

ಬಾಯಿಯಿಂದ ತುಂಬುವ ಬಂದೂಕಿಗೆ ಕರಿಮದ್ದನ್ನು ಬಿಟ್ಟು ಬೇರೇನೂ ಹಾಕಬಾರದು. ಅದನ್ನು ಲೈಸೆನ್ಸ್ ಇರುವ ಅಂಗಡಿಯಿಂದಲೇ ಕೊಳ್ಳಬೇಕು. ತೋಟೆಗಳನ್ನು ಒಡೆದು ತೆಗೆದ ಹೊಗೆಯಿಲ್ಲದ ಮದ್ದನ್ನು ತುಂಬಿದರೆ ಹಳೆಯ ನಳಿಗೆ ಅದರ ಒತ್ತಡವನ್ನು ತಾಳದೆ ಸಿಡಿಯುತ್ತದೆ. ಎಷ್ಟು ಮದ್ದು ಎಂಬುದನ್ನು ಆ ಬಂದೂಕನ್ನು ಪರೀಕ್ಷಿಸಿದ ರಿಪೇರಿಯವರಿಂದ ತಿಳಿದು, ಅಳತೆಯ ಚಿಪ್ಪಿನಿಂದಲೇ ಹಾಕಬೇಕು, ಅಂದಾಜಿನಿಂದಲ್ಲ.

ಗುಂಡು ಮದ್ದಿನ ಮೇಲೆ ತಾಗಿ ಕುಳಿತಿರಬೇಕು. ನಡುವೆ ಟೊಳ್ಳು ಉಳಿದರೆ ನಳಿಗೆ ಅಲ್ಲಿ ಉಬ್ಬುತ್ತದೆ ಅಥವಾ ಒಡೆಯುತ್ತದೆ. ಇದನ್ನು ತಿಳಿಯಲು ಸುಲಭ ಉಪಾಯವೆಂದರೆ ಗಜದ ಮೇಲೆ ಗುರುತು ಮಾಡಿಕೊಳ್ಳುವುದು. ಖಾಲಿ ನಳಿಗೆಯಲ್ಲಿ ಗಜ ಎಲ್ಲಿಯವರೆಗೆ ಇಳಿಯುತ್ತದೆ ಎಂಬುದಕ್ಕೆ ಒಂದು ಗುರುತು, ಸರಿಯಾಗಿ ತುಂಬಿದಾಗ ಎಲ್ಲಿಯವರೆಗೆ ಎಂಬುದಕ್ಕೆ ಇನ್ನೊಂದು. ಅಟ್ಟಣಿಗೆಯಲ್ಲಿ ನಿದ್ದೆಗಣ್ಣಿನಲ್ಲಿದ್ದವರು ತುಂಬಿದ್ದನ್ನು ಮರೆತು ಮತ್ತೆ ತುಂಬುವ ಅಪಾಯವನ್ನು ಈ ಎರಡು ಗುರುತುಗಳು ತಪ್ಪಿಸುತ್ತವೆ. ಕೇಪನ್ನು ಇಡುವುದು ಎಲ್ಲಕ್ಕೂ ಕೊನೆಯಲ್ಲಿ. ಕೇಪು ಸಿಡಿದೂ ಮದ್ದು ಹೊತ್ತದಿದ್ದರೆ ಬಾಯಿಯನ್ನು ಬರಿ ನೆಲದ ಕಡೆ ಹಿಡಿದು ಎರಡು ನಿಮಿಷವಾದರೂ ಕಾಯಬೇಕು. ಒಳಗೆ ಕಿಡಿ ಉಳಿದು ತಡವಾಗಿ ಹೊತ್ತುವುದುಂಟು. ಆ ಹೊತ್ತಿನಲ್ಲಿ ಬಾಯಿಗೆ ಕಣ್ಣಿಟ್ಟು ನೋಡಿದವರು ಮತ್ತೆ ನೋಡಲಾರರು.

ಕರಿಮದ್ದಿನ ಮಸಿ ಗಾಳಿಯ ತೇವವನ್ನು ಹೀರಿಕೊಂಡು ಒಂದೆರಡು ದಿನಗಳಲ್ಲಿಯೇ ನಳಿಗೆಗೆ ತುಕ್ಕು ಹಿಡಿಸುತ್ತದೆ. ಹೊಡೆದ ದಿನವೇ ಬಿಸಿನೀರು ಸಾಬೂನಿನಿಂದ ತೊಳೆದು, ಒಣಬಟ್ಟೆಯಿಂದ ಒರಸಿ, ನಳಿಗೆಯ ಬೆಚ್ಚಗಿನ ಬಿಸಿಯಲ್ಲಿಯೇ ಎಣ್ಣೆ ಹಚ್ಚಿಡಬೇಕು. ಎಣ್ಣೆಯ ಊರಿನಲ್ಲಿ ಕೈಗೆ ಮೊದಲು ಸಿಗುವುದು ಶೇಂಗಾ ಎಣ್ಣೆಯೇ. ಹೊಡೆಯುವಾಗ ಗುಂಡಿಗೆ ಸುತ್ತುವ ಬಟ್ಟೆಗೆ ಅದು ಸರಿಯಾದೀತು. ತಿಂಗಳುಗಟ್ಟಲೆ ಇಡುವ ನಳಿಗೆಗೆ ಮಾತ್ರ ಹಚ್ಚಬಾರದು; ಜಿಗುಟಾಗಿ ಅಂಟಿಕೊಂಡು ಧೂಳು ಹಿಡಿಯುತ್ತದೆ. ಅದಕ್ಕೆ ಹೊಲಿಗೆ ಯಂತ್ರದ ಎಣ್ಣೆಯೇ ಸರಿ. ಕೊಯ್ಲು ಮುಗಿದ ಮೇಲೆ ಬಂದೂಕನ್ನು ಖಾಲಿ ಮಾಡಿ, ಗಜ ಇಳಿಸಿ ನೋಡಿ ಖಾತ್ರಿ ಮಾಡಿಕೊಂಡು, ಮದ್ದು ಮತ್ತು ಕೇಪುಗಳನ್ನು ಬೇರೆ ಬೇರೆ ಕಡೆ ಬೀಗ ಹಾಕಿಡುವುದು.